ಕದ್ದ ಕೈ, ಪಡೆದ ಕೈ

ಹಣವನ್ನು ಕಾಯ್ದುಕೊಳ್ಳುವ ಬಗೆ ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ನಮ್ಮ ಹಿರಿಯರ ಕಾಲದಲ್ಲಿ ಗೃಹಿಣಿಯ ಉಳಿತಾಯ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ, ಯಜಮಾನನ ಗಳಿಕೆ ಕೋಣೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1913ರಲ್ಲಿ ಮೈಸೂರು ಬ್ಯಾಂಕು ಆರಂಭವಾದ ತರುವಾಯ ಅದು ನಿಧಾನವಾಗಿ ಪಾಸ್‌ಪುಸ್ತಕದ ಅಂಕಿಗಳಾಯಿತು. 2017ರಲ್ಲಿ ಆ ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗುವ ಹೊತ್ತಿಗೆ ಪಾಸ್‌ಪುಸ್ತಕವೂ ಹಿಂದೆ ಸರಿದು, ಅಂಗೈಯಷ್ಟೂ ಅಗಲವಿಲ್ಲದ ಪ್ಲಾಸ್ಟಿಕ್ ಕಾರ್ಡೊಂದು ಮನೆಮನೆಯ ಪರ್ಸಿನಲ್ಲಿ ಬಂದು ಕುಳಿತಿತ್ತು.

ಈ ಕಾರ್ಡು ಸ್ವತಃ ಹಣವಲ್ಲ. ಹಣದ ಪೆಟ್ಟಿಗೆಯ ಬೀಗದ ಕೈ. ಬೀಗದ ಕೈ ಕದ್ದವನು ಕಳ್ಳನೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಕದ್ದ ಕೈಯಿಂದ ಅದನ್ನು ಪಡೆದುಕೊಂಡವನು ಏನು? ದಾರಿಯಲ್ಲಿ ಸಿಕ್ಕಿದ್ದನ್ನು ಜೇಬಿಗಿಳಿಸಿದವನು ಏನು? ತನ್ನ ಕಾರ್ಡನ್ನೇ ಅಪರಿಚಿತನಿಗೆ ಬಾಡಿಗೆಗೆ ಕೊಟ್ಟವನು ಏನು? ಈ ಪ್ರಶ್ನೆಗಳಿಗೆ ನಮ್ಮ ಕುಟುಂಬಗಳಲ್ಲಿ ಸ್ಪಷ್ಟವಾದ ಉತ್ತರವಿಲ್ಲ. ಕಳವು ಮಾಡದ ಮರ್ಯಾದಸ್ಥ ಮನೆಯವರು ಸಹ ಅರಿವಿಲ್ಲದೆ ಕಾನೂನಿನ ಬಲೆಗೆ ಬೀಳುವುದು ಈ ಎರಡನೆಯ ಸಾಲಿನಲ್ಲಿಯೇ. ಆದುದರಿಂದ ಈ ತಿಂಗಳು ಈ ವಿಷಯವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಕಾರ್ಡಿನ ಕಳವಿಗೆಂದೇ ಪ್ರತ್ಯೇಕ ಕಾನೂನುಗಳಿವೆ. ನಮ್ಮಲ್ಲಿ ಹಾಗಿಲ್ಲ. ಚಿನ್ನದ ಸರಕ್ಕೂ ಹಾಲಿನ ಪಾತ್ರೆಗೂ ಅನ್ವಯಿಸುವ ಸಾಮಾನ್ಯ ಕಾನೂನೇ ಕಾರ್ಡಿಗೂ ಅನ್ವಯಿಸುತ್ತದೆ. 1860ರ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಆ ದಿನಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ಸಂಹಿತೆ, ಅನಂತರದವುಗಳಿಗೆ ಹೊಸದು. ಇದರ ಜೊತೆಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಕೆಲಸಕ್ಕೆ ಬರುತ್ತದೆ.

ಮೊದಲು ಕಳವಿನ ಮಾತು. ನ್ಯಾಯ ಸಂಹಿತೆಯ 303ನೆಯ ಕಲಮಿನಂತೆ, ಒಬ್ಬರ ಸ್ವಾಧೀನದಲ್ಲಿರುವ ಚರ ಸ್ವತ್ತನ್ನು ಅವರ ಒಪ್ಪಿಗೆಯಿಲ್ಲದೆ ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶದಿಂದ ಕದಲಿಸಿದರೆ ಸಾಕು, ಕಳವು ಪೂರ್ಣವಾಯಿತು. ಕಾರ್ಡಿನಿಂದ ಒಂದು ರೂಪಾಯಿಯನ್ನೂ ತೆಗೆದಿರಬೇಕಾಗಿಲ್ಲ. ಕಾರ್ಡು ಬ್ಯಾಂಕಿನ ಸ್ವತ್ತೆಂದು ಅದರ ಬೆನ್ನಿನ ಮೇಲೆ ಅಚ್ಚಾಗಿರುವುದುಂಟು. ಅದರಿಂದಲೂ ಕಳ್ಳನಿಗೆ ಲಾಭವಿಲ್ಲ. ಕಾನೂನು ಕೇಳುವುದು ವಸ್ತು ಯಾರ ಸ್ವಾಧೀನದಲ್ಲಿತ್ತು ಎಂದು. ಶಿಕ್ಷೆ ಮೂರು ವರ್ಷಗಳವರೆಗಿನ ಕಾರಾವಾಸ, ಅಥವಾ ದಂಡ, ಅಥವಾ ಎರಡೂ. ವಾಸದ ಮನೆಯೊಳಗಿನಿಂದ ಕದ್ದರೆ 305ನೆಯ ಕಲಮು, ಕೆಲಸದವರು ಒಡೆಯರ ಸ್ವತ್ತನ್ನು ಕದ್ದರೆ 306ನೆಯ ಕಲಮು. ಎರಡರಲ್ಲಿಯೂ ಏಳು ವರ್ಷಗಳವರೆಗೆ ಕಾರಾವಾಸ ಮತ್ತು ದಂಡ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿಗೆ ಕದ್ದು, ಅದನ್ನು ಹಿಂದಿರುಗಿಸಿದವನಿಗೆ ಸಮುದಾಯ ಸೇವೆಯ ಶಿಕ್ಷೆಯನ್ನು ವಿಧಿಸುವ ಹೊಸ ಏರ್ಪಾಡೂ 303ನೆಯ ಕಲಮಿನಲ್ಲಿದೆ.

ಪ್ಲಾಸ್ಟಿಕ್ ತುಂಡಿನ ಬೆಲೆ ಎಷ್ಟೆಂದು ಯಾರಾದರೂ ಹಗುರಾಗಿ ನಕ್ಕಾರು. ಅದನ್ನು ಬಳಸಿದ ಕೂಡಲೇ ಬೇರೆ ಅಪರಾಧಗಳು ಒಂದರ ಮೇಲೊಂದು ಬಂದು ಸೇರುತ್ತವೆ. ಪರರ ಪಿನ್ ಸಂಖ್ಯೆಯನ್ನು ಅಪ್ರಾಮಾಣಿಕವಾಗಿ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನ ಕೆಳಗೆ ಬರುತ್ತದೆ. ಮೂರು ವರ್ಷಗಳವರೆಗೆ ಕಾರಾವಾಸ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡ. ಅಂಗಡಿಯಲ್ಲಿ ಕಾರ್ಡಿನ ಒಡೆಯನೇ ತಾನೆಂದು ನಟಿಸಿದರೆ ವಂಚನೆ. ವಂಚಿಸಿ ಸ್ವತ್ತು ಪಡೆದರೆ 318ನೆಯ ಕಲಮಿನಂತೆ ಏಳು ವರ್ಷಗಳವರೆಗೆ ಕಾರಾವಾಸ ಮತ್ತು ದಂಡ.

ಕಾರ್ಡನ್ನು ಮುಟ್ಟದೆಯೂ ಕದಿಯಬಹುದು. ನೊಯಿಡಾದ ಕಾಲ್ ಸೆಂಟರೊಂದರ ತರುಣ ಉದ್ಯೋಗಿಯೊಬ್ಬ ಅಮೆರಿಕದ ಮಹಿಳೆಯೊಬ್ಬರ ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನು ಬಳಸಿ, 2002ರಲ್ಲಿ ಸೋನಿ ಕಂಪನಿಯ ಜಾಲತಾಣದ ಮೂಲಕ ಟಿ.ವಿ. ಮತ್ತು ತಂತಿರಹಿತ ಹೆಡ್‌ಫೋನನ್ನು ತರಿಸಿಕೊಂಡಿದ್ದನು. ಕೇಂದ್ರೀಯ ತನಿಖಾ ದಳ ತನಿಖೆ ನಡೆಸಿತು. ದೆಹಲಿಯ ನ್ಯಾಯಾಲಯ ಹಳೆಯ ದಂಡ ಸಂಹಿತೆಯ ವಂಚನೆಯ ಕಲಮುಗಳಡಿಯಲ್ಲಿಯೇ ಆತನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು. ಎಳೆಯ ವಯಸ್ಸು, ಮೊದಲ ತಪ್ಪು ಎಂಬ ಕಾರಣಗಳಿಂದ ಸೆರೆವಾಸಕ್ಕೆ ಬದಲಾಗಿ ಒಂದು ವರ್ಷದ ಸನ್ನಡತೆಯ ಷರತ್ತಿನ ಮೇಲೆ ಬಿಡುಗಡೆ ಮಾಡಿತು. ಶಿಕ್ಷೆ ಹಗುರವಾಯಿತು, ಅಪರಾಧಿಯೆಂಬ ಮುದ್ರೆ ಮಾತ್ರ ಹಗುರವಾಗಲಿಲ್ಲ.

ಇನ್ನು ನಮ್ಮ ಮೈಸೂರಿನ ಪರಿಸ್ಥಿತಿಯನ್ನು ನೋಡೋಣ. ಇದು ನಿವೃತ್ತರು ನೆಲೆಸಬಯಸುವ ನಗರ. ತಿಂಗಳ ಮೊದಲ ವಾರ ಎ.ಟಿ.ಎಂ. ಕೇಂದ್ರಗಳ ಮುಂದೆ ಪಿಂಚಣಿದಾರರು ಸಾಲುಗಟ್ಟಿ ನಿಲ್ಲುತ್ತಾರೆ. ಯಂತ್ರದ ಅಕ್ಷರಗಳು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಗುಂಡಿ ಒತ್ತುವ ಕೈ ನಡುಗುತ್ತದೆ. ಆಗ ಸಭ್ಯ ಉಡುಪಿನ ಯುವಕನೊಬ್ಬ ಹಿಂದಿನಿಂದ ಬಂದು "ಕೊಡಿ ಅಜ್ಜಿ, ನಾನು ತೆಗೆದುಕೊಡುತ್ತೇನೆ" ಎನ್ನುತ್ತಾನೆ. ಹಣವನ್ನು ತೆಗೆದೂ ಕೊಡುತ್ತಾನೆ. ಹಿಂದಿರುಗಿಸುವಾಗ ಅದೇ ಬಣ್ಣದ ಬೇರೊಂದು ಕಾರ್ಡನ್ನು ಕೈಗಿಟ್ಟು ಹೊರಟುಹೋಗುತ್ತಾನೆ. ಪಿನ್ ಸಂಖ್ಯೆಯನ್ನು ಅಜ್ಜಿಯೇ ಬಾಯಿಬಿಟ್ಟು ಹೇಳಿರುತ್ತಾರೆ. ಕರ್ನಾಟಕದ ಊರೂರುಗಳಲ್ಲಿ ಮರುಕಳಿಸುತ್ತಿರುವ ವಂಚನೆ ಇದು.

ಇಲ್ಲಿ ಕಾನೂನು ಒಂದು ಹೆಜ್ಜೆ ಮುಂದಿಟ್ಟಿದೆ. ಹಳೆಯ ಸಂಹಿತೆಯ 410ನೆಯ ಕಲಮು ಕಳವು, ಸುಲಿಗೆ, ದರೋಡೆ, ದುರ್ವಿನಿಯೋಗ, ನಂಬಿಕೆದ್ರೋಹ ಇವುಗಳ ಮೂಲಕ ಕೈಬದಲಾದ ಸ್ವತ್ತನ್ನು ಮಾತ್ರ ಕಳವಿನ ಮಾಲೆಂದು ಕರೆದಿತ್ತು. ಹೊಸ ಸಂಹಿತೆಯ 317ನೆಯ ಕಲಮು ವಂಚನೆಯನ್ನೂ ಈ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಮೋಸದಿಂದ ಪಡೆದ ಕಾರ್ಡು ಕಳವಿನ ಮಾಲು. ಆ ಕಾರ್ಡಿನಿಂದ ಅಂಗಡಿಯವನನ್ನು ವಂಚಿಸಿ ತಂದ ಮೊಬೈಲು ಫೋನೂ ಅದೇ ಸಾಲಿಗೆ ಸೇರಬಲ್ಲದು.

ಇಲ್ಲಿಂದ ಮುಂದಿನದು ಪಡೆದವನ ಕಥೆ. ಕಳವಿನ ಮಾಲೆಂದು ತಿಳಿದು, ಅಥವಾ ಹಾಗೆಂದು ನಂಬಲು ಕಾರಣವಿದ್ದು, ಅದನ್ನು ಅಪ್ರಾಮಾಣಿಕವಾಗಿ ಪಡೆದವನಿಗೂ ಇಟ್ಟುಕೊಂಡವನಿಗೂ ಮೂರು ವರ್ಷಗಳವರೆಗಿನ ಕಾರಾವಾಸ, ಅಥವಾ ದಂಡ, ಅಥವಾ ಎರಡೂ ಎಂದು 317ನೆಯ ಕಲಮು ವಿಧಿಸುತ್ತದೆ. ಸಾಮಾನ್ಯ ಕಳವಿಗೆ ಕಳ್ಳನಿಗಿರುವ ಗರಿಷ್ಠ ಶಿಕ್ಷೆಯೂ ಇಷ್ಟೇ ಎಂಬುದನ್ನು ಓದುಗರು ಗಮನಿಸಬೇಕು. ಇದನ್ನೇ ರೂಢಿ ಮಾಡಿಕೊಂಡು ವ್ಯಾಪಾರ ನಡೆಸುವವನಿಗೆ ಜೀವಾವಧಿ, ಇಲ್ಲವೆ ಹತ್ತು ವರ್ಷಗಳವರೆಗೆ ಕಾರಾವಾಸ ಕಾದಿದೆ. ಅಲ್ಲಿ ಕದ್ದವನಿಗಿಂತ ಪಡೆದವನ ಶಿಕ್ಷೆಯೇ ದೊಡ್ಡದು. ಕೊಳ್ಳುವವನಿಲ್ಲದಿದ್ದರೆ ಕದಿಯುವವನಿಗೆ ದಾರಿಯಿಲ್ಲವೆಂಬ ಲೋಕಾನುಭವ ಈ ನಿಯಮದ ಬೆನ್ನಿಗಿದೆ.

ಈ ಕಲಮಿನಲ್ಲಿ ಎರಡು ಮಾತುಗಳು ಮುಖ್ಯವಾದವು. ಒಂದು, "ನಂಬಲು ಕಾರಣವಿದ್ದು" ಎಂಬುದು. "ನನಗೆ ಗೊತ್ತಿರಲಿಲ್ಲ" ಎಂದು ಹೇಳಿದ ಮಾತ್ರಕ್ಕೆ ನ್ಯಾಯಾಲಯ ಒಪ್ಪುವುದಿಲ್ಲ. ಇಪ್ಪತ್ತು ಸಾವಿರ ಬೆಲೆಯ ವಸ್ತು ನಾಲ್ಕು ಸಾವಿರಕ್ಕೆ ಏಕೆ ಬಂದಿತು? ರಸೀದಿ ಏಕಿರಲಿಲ್ಲ? ಮಾರಿದವನ ವಿಳಾಸವೇನು? ಇನ್ನೊಬ್ಬರ ಹೆಸರಿನ ಕಾರ್ಡು ಇವನ ಬಳಿ ಏಕಿತ್ತು? ವಿವೇಕವುಳ್ಳ ಮನುಷ್ಯನಿಗೆ ಸಂಶಯ ಹುಟ್ಟಿಸಬೇಕಾದ ಸಂಗತಿಗಳು ಕಣ್ಣೆದುರಿಗಿದ್ದೂ ಕಣ್ಣು ಮುಚ್ಚಿಕೊಂಡವನನ್ನು ಕಾನೂನು ನಿರ್ದೋಷಿಯೆಂದು ಬಗೆಯದು. ಎರಡು, "ಇಟ್ಟುಕೊಂಡವನು" ಎಂಬುದು. ಪಡೆಯುವಾಗ ನಿಜವಾಗಿಯೂ ತಿಳಿದಿರಲಿಲ್ಲ, ಆಮೇಲೆ ತಿಳಿಯಿತು. ತಿಳಿದ ಮೇಲೂ ಸುಮ್ಮನೆ ಇಟ್ಟುಕೊಂಡರೆ ಅಪರಾಧ ಅಲ್ಲಿಂದ ಆರಂಭವಾಗುತ್ತದೆ.

2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೆಯ ಕಲಮು ಹೇಳುವ ಇನ್ನೊಂದು ಸಂಗತಿಯುಂಟು. ಕಳವಾದ ಸ್ವಲ್ಪ ಕಾಲದಲ್ಲಿಯೇ ಒಬ್ಬನ ಬಳಿ ಆ ಮಾಲು ಸಿಕ್ಕಿ, ಅದು ಹೇಗೆ ಬಂದಿತೆಂದು ಆತ ವಿವರಿಸಲಾರದೆ ಹೋದರೆ, ಅವನೇ ಕಳ್ಳನೆಂದಾಗಲಿ, ತಿಳಿದೇ ಪಡೆದವನೆಂದಾಗಲಿ ನ್ಯಾಯಾಲಯ ಊಹಿಸಬಹುದು. ಕಳವಾದ ಮೊಬೈಲು ಫೋನಿನ ವಿಷಯದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಬಿ ಕಲಮೂ ಸೇರಿಕೊಳ್ಳುತ್ತದೆ. ಇಂದು ಬ್ಯಾಂಕಿನ ಗುಪ್ತ ಸಂಖ್ಯೆಗಳೆಲ್ಲ ಫೋನಿಗೇ ಬರುವುದರಿಂದ ಕದ್ದ ಫೋನೂ ಇನ್ನೊಂದು ಬೀಗದ ಕೈಯೇ ಸರಿ.

ಬಿದ್ದು ಸಿಕ್ಕಿದ ಕಾರ್ಡಿನ ವಿಚಾರ ಬೇರೆ. ದಸರಾ ಮೆರವಣಿಗೆಯ ಜನಸಂದಣಿಯಲ್ಲಿ, ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ, ನಗರ ಸಾರಿಗೆ ಬಸ್ಸಿನ ಆಸನದ ಮೇಲೆ ಒಂದು ಪರ್ಸು ಬಿದ್ದಿರುತ್ತದೆ. ಒಡೆಯನಿಗೆ ಮುಟ್ಟಿಸಲು ಎತ್ತಿಕೊಂಡವನು ತಪ್ಪಿತಸ್ಥನಲ್ಲ. ಒಡೆಯನನ್ನು ಪತ್ತೆಹಚ್ಚುವ ದಾರಿಯಿದ್ದೂ ಅದನ್ನು ತನ್ನದಾಗಿಸಿಕೊಂಡವನು 314ನೆಯ ಕಲಮಿನಂತೆ ಅಪ್ರಾಮಾಣಿಕ ದುರ್ವಿನಿಯೋಗದ ಅಪರಾಧಿ. ಹಳೆಯ ಕಾನೂನಿನಲ್ಲಿ ಇದಕ್ಕೆ ದಂಡವಷ್ಟನ್ನೇ ಹಾಕಿ ಬಿಡಲು ಅವಕಾಶವಿತ್ತು. ಹೊಸದರಲ್ಲಿ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಎರಡು ವರ್ಷಗಳವರೆಗೆ ಕಾರಾವಾಸ, ಜೊತೆಗೆ ದಂಡ. ಕಾರ್ಡಿನ ಮೇಲೆ ಒಡೆಯನ ಹೆಸರಿಲ್ಲದಿದ್ದರೂ ಬ್ಯಾಂಕಿನ ಹೆಸರಂತೂ ಇದ್ದೇ ಇರುತ್ತದೆ. ದಾರಿ ತಿಳಿಯಲಿಲ್ಲವೆಂಬ ಸಬೂಬಿಗೆ ಅಲ್ಲಿ ಎಡೆಯಿಲ್ಲ. ಸಿಕ್ಕಿದ ಕಾರ್ಡನ್ನು ಆ ಬ್ಯಾಂಕಿನ ಹತ್ತಿರದ ಶಾಖೆಗಾಗಲಿ ಪೊಲೀಸ್ ಠಾಣೆಗಾಗಲಿ ಕೊಡುವುದೇ ಸರಿಯಾದ ಕ್ರಮ. ಒಳ್ಳೆಯ ಮನಸ್ಸಿನಿಂದಲೇ ಆದರೂ ಅದರ ಎರಡೂ ಬದಿಗಳ ಚಿತ್ರ ತೆಗೆದು ವಾಟ್ಸಾಪ್ ಗುಂಪುಗಳಿಗೆ ಹಾಕಬಾರದು. ಸಂಖ್ಯೆಗಳೆಲ್ಲ ನೂರಾರು ಜನರ ಕಣ್ಣಿಗೆ ಬೀಳುತ್ತವೆ. ಉಪಕಾರ ಮಾಡಹೋಗಿ ಅಪಕಾರವಾಗುತ್ತದೆ.

ಮನೆಯೊಳಗಿನ ಮಾತಿಗೆ ಬರೋಣ. ಅಪ್ಪನ ಕಾರ್ಡನ್ನು ಕೇಳದೆ ಒಯ್ದು ಹಣ ತೆಗೆದ ಮಗನಿಗೆ ರಕ್ತಸಂಬಂಧದ ಕಾರಣದಿಂದ ಕಾನೂನು ವಿನಾಯಿತಿ ಕೊಟ್ಟಿಲ್ಲ. ಅಪ್ಪ ದೂರು ಕೊಡುವುದಿಲ್ಲ, ಅಷ್ಟೆ. ಒಪ್ಪಿಗೆಯಿಂದಲೇ ಕಾರ್ಡು ಕೊಟ್ಟರೆ ಅದು ಕಳವಲ್ಲ. ಆದರೂ ತೊಂದರೆ ತಪ್ಪಿದ್ದಲ್ಲ. 2013ರ ನವೆಂಬರಿನಲ್ಲಿ ಬೆಂಗಳೂರಿನ ಮಾರತ್ತಹಳ್ಳಿಯ ಬಾಣಂತಿಯೊಬ್ಬರು ಸ್ಟೇಟ್ ಬ್ಯಾಂಕಿನ ತಮ್ಮ ಕಾರ್ಡನ್ನೂ ಪಿನ್ ಸಂಖ್ಯೆಯನ್ನೂ ಪತಿಗೆ ಕೊಟ್ಟು 25,000 ರೂಪಾಯಿ ತರಲು ಕಳುಹಿಸಿದರು. ಯಂತ್ರದಿಂದ ಚೀಟಿ ಬಂದಿತು, ಹಣ ಬರಲಿಲ್ಲ. ಪಿನ್ ಸಂಖ್ಯೆಯನ್ನು ಬೇರೊಬ್ಬರಿಗೆ ತಿಳಿಸಿದ್ದು ನಿಯಮದ ಉಲ್ಲಂಘನೆಯೆಂಬುದು ಬ್ಯಾಂಕಿನ ವಾದ. ವರ್ಷಗಟ್ಟಲೆ ನಡೆದ ಮೊಕದ್ದಮೆಯಲ್ಲಿ 2018ರಲ್ಲಿ ಬೆಂಗಳೂರಿನ ಗ್ರಾಹಕರ ವೇದಿಕೆ ಬ್ಯಾಂಕಿನ ವಾದವನ್ನೇ ಎತ್ತಿಹಿಡಿಯಿತು. ಇಲ್ಲಿ ಯಾರೂ ಅಪರಾಧಿಗಳಲ್ಲ. ಗಂಡಹೆಂಡಿರ ನಡುವಣ ಸಹಜವಾದ ನಂಬಿಕೆಯೊಂದೇ ಕಾರಣ. ಆದರೂ ಹಣ ಹೋಯಿತು. ಹಾಸಿಗೆ ಹಿಡಿದ ಹಿರಿಯರಿದ್ದರೆ ಬ್ಯಾಂಕಿಗೆ ಬರೆದುಕೊಟ್ಟು ಜಂಟಿ ಖಾತೆಯನ್ನೋ ಅಧಿಕಾರಪತ್ರವನ್ನೋ ಮಾಡಿಸುವುದು ಲೇಸು.

ಹೇಳಲು ಸಂಕೋಚವಾಗುವ ಇನ್ನೊಂದು ರೂಢಿಯಿದೆ. ಮನೆಯ ಹಿರಿಯರು ತೀರಿಕೊಂಡ ಮಾರನೆಯ ದಿನವೇ ಅವರ ಕಾರ್ಡಿನಿಂದ ಹಣ ತೆಗೆಯುವುದು. ಉತ್ತರಕ್ರಿಯೆಯ ಖರ್ಚಿಗೆಂದು ತೆಗೆದವರ ಮನಸ್ಸಿನಲ್ಲಿ ಕೇಡು ಇರಲಾರದು. ಆದರೆ ಖಾತೆದಾರರು ತೀರಿಕೊಂಡ ಮೇಲೆ ಆ ಹಣ ವಾರಸುದಾರರೆಲ್ಲರ ಸ್ವತ್ತು. ತಂಗಿಗೆ ತಿಳಿಸದೆ ಅಣ್ಣನೊಬ್ಬನೇ ತೆಗೆದು ತನ್ನದಾಗಿಸಿಕೊಂಡರೆ ವಿಚಾರ ಅಲ್ಲಿಗೆ ಮುಗಿಯದು. ಮೃತರ ಸ್ವಾಧೀನದಲ್ಲಿದ್ದ ಸ್ವತ್ತನ್ನು ಅಪ್ರಾಮಾಣಿಕವಾಗಿ ದುರ್ವಿನಿಯೋಗ ಮಾಡಿಕೊಂಡವನಿಗೆ ಮೂರು ವರ್ಷಗಳವರೆಗೆ ಕಾರಾವಾಸ ಮತ್ತು ದಂಡವನ್ನು ವಿಧಿಸುವ 315ನೆಯ ಕಲಮೊಂದು ಇದೆ. ಮರಣ ಪ್ರಮಾಣಪತ್ರವನ್ನು ಬ್ಯಾಂಕಿಗೆ ಸಲ್ಲಿಸಿ ನಾಮನಿರ್ದೇಶಿತರ ಮೂಲಕ ಹಣ ಪಡೆಯುವುದು ತುಸು ನಿಧಾನದ ದಾರಿಯಾದರೂ ಒಡಹುಟ್ಟಿದವರ ನಡುವಣ ಬಾಂಧವ್ಯವನ್ನು ಉಳಿಸುವ ದಾರಿ.

ಎಲ್ಲಕ್ಕಿಂತ ಹೆಚ್ಚು ಆತಂಕ ತರುವುದು ನಮ್ಮ ಎಳೆಯರ ವಿಚಾರ. ಓದಿಗಾಗಿ ನಗರಕ್ಕೆ ಬಂದು ವಿದ್ಯಾರ್ಥಿನಿಲಯಗಳಲ್ಲಿಯೂ ಬಾಡಿಗೆ ಕೋಣೆಗಳಲ್ಲಿಯೂ ಇರುವ ಹುಡುಗರ ಬಳಿ ಯಾರೋ ಒಬ್ಬ ಬರುತ್ತಾನೆ. "ನಿನ್ನ ಹೆಸರಿನಲ್ಲಿ ಖಾತೆ ತೆರೆದು ಕಾರ್ಡು, ಪಿನ್, ಸಿಮ್ ನನಗೆ ಕೊಡು, ಕೆಲವು ಸಾವಿರ ಕೊಡುತ್ತೇನೆ" ಎನ್ನುತ್ತಾನೆ. ಹುಡುಗನಿಗೆ ಅದು ಸುಲಭದ ಸಂಪಾದನೆಯಾಗಿ ಕಾಣುತ್ತದೆ. ಅದರ ಹಿಂದೆ ಎಲ್ಲಿಯೋ ವಂಚನೆಗೊಳಗಾದ ವೃದ್ಧ ದಂಪತಿಗಳ ಹಣ ಆ ಖಾತೆಗೆ ಬಂದು, ಅದೇ ಕಾರ್ಡಿನಿಂದ ಹೊರಹೋಗುತ್ತದೆ. ಕಾರ್ಡು ಕದ್ದದ್ದಲ್ಲ ನಿಜ. ಅದರೊಳಗೆ ಹರಿದ ಹಣ ಮೋಸದ್ದು. ಪೊಲೀಸರು ಮೊದಲು ತಲುಪುವುದು ಖಾತೆಯ ಹೆಸರಿನವನನ್ನು. ತಿಳಿದೂ ಕೊಟ್ಟಿದ್ದರೆ ಕಳವಿನ ಮಾಲನ್ನು ಸಾಗಿಸಲು ನೆರವಾದ ಅಪರಾಧ, ಪ್ರಚೋದನೆ, ಒಳಸಂಚು ಎಲ್ಲವೂ ಅವನ ತಲೆಗೆ ಸುತ್ತಿಕೊಳ್ಳಬಹುದು. 2025ರ ಜೂನ್ ತಿಂಗಳಿನಲ್ಲಿ ಕೇಂದ್ರೀಯ ತನಿಖಾ ದಳ ಇಂತಹ ಬಾಡಿಗೆ ಖಾತೆಗಳಿಗಾಗಿ ದೇಶದ 42 ಸ್ಥಳಗಳಲ್ಲಿ ಶೋಧ ನಡೆಸಿದಾಗ, 700ಕ್ಕೂ ಹೆಚ್ಚು ಶಾಖೆಗಳಲ್ಲಿ ಸುಮಾರು ಎಂಟೂವರೆ ಲಕ್ಷ ಖಾತೆಗಳಿರುವುದಾಗಿ ಪ್ರಕಟಿಸಿತು. ಇಂತಹ ಖಾತೆಗಳನ್ನು ಪತ್ತೆಹಚ್ಚುವ ಯಾಂತ್ರಿಕ ವ್ಯವಸ್ಥೆಯೊಂದನ್ನು ರಿಸರ್ವ್ ಬ್ಯಾಂಕಿಗೆ ಸೇರಿದ ಬೆಂಗಳೂರಿನ ಸಂಸ್ಥೆಯೇ ಸಿದ್ಧಪಡಿಸಿದೆ. ಸಿಕ್ಕಿಬೀಳುವುದಿಲ್ಲವೆಂಬ ಧೈರ್ಯಕ್ಕೆ ಇನ್ನು ಆಧಾರವಿಲ್ಲ.

ಕಾರ್ಡು ಕಳೆದುಹೋದವರು ಮಾಡಬೇಕಾದದ್ದೇನು? ಮೊದಲ ಕೆಲಸ, ಆ ಗಳಿಗೆಯಲ್ಲಿಯೇ ಬ್ಯಾಂಕಿಗೆ ತಿಳಿಸಿ ಕಾರ್ಡನ್ನು ನಿಲ್ಲಿಸುವುದು. 2021ರ ಜನವರಿ 1ರಿಂದ ಅಂಗಡಿಯ ಯಂತ್ರಕ್ಕೆ ಕಾರ್ಡನ್ನು ಸೋಕಿಸಿದ ಮಾತ್ರಕ್ಕೆ ಪಿನ್ ಇಲ್ಲದೆಯೇ ಒಂದು ಬಾರಿಗೆ ಐದು ಸಾವಿರ ರೂಪಾಯಿಯವರೆಗೆ ಪಾವತಿ ಮಾಡುವ ಅವಕಾಶವಾಗಿದೆ. ಈ ಸೌಲಭ್ಯ ಬೇಡವಾದವರು ಬ್ಯಾಂಕಿನ ಮೂಲಕ ಅದನ್ನು ಮುಚ್ಚಿಸಿಕೊಳ್ಳಬಹುದು. ಹಣ ಹೋಗಿದ್ದರೆ ಒಡನೆಯೇ 1930 ಸಂಖ್ಯೆಗೆ ಕರೆ ಮಾಡಬೇಕು. ಹಣ ಕೈಯಿಂದ ಕೈಗೆ ದಾಟುವ ಮೊದಲು ತಡೆಯುವ ಏರ್ಪಾಡು ಅಲ್ಲಿದೆ. ಅನಂತರ ಪೊಲೀಸ್ ಠಾಣೆಯಲ್ಲಿ ದೂರು. ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಇಂತಹ ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು; ದಾಖಲಾದ ದೂರಿನ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು.

ಬೇಗ ತಿಳಿಸುವುದರಿಂದಾಗುವ ಪ್ರಯೋಜನ 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯಿಂದ ಸ್ಪಷ್ಟವಾಗುತ್ತದೆ. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ಹೊಣೆಯೇ ಇಲ್ಲವೆಂದು ಅದು ಗೊತ್ತುಪಡಿಸಿತು. ಗ್ರಾಹಕರ ಅಜಾಗರೂಕತೆಯಿಂದಲೇ ನಷ್ಟವಾಗಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದು, ಆಮೇಲಿನದು ಬ್ಯಾಂಕಿನದು ಎಂದಿತು. ಕಾರ್ಡಿನ ಹಿಂಬದಿಯಲ್ಲಿ ಪಿನ್ ಸಂಖ್ಯೆ ಬರೆದಿಟ್ಟುಕೊಳ್ಳುವ ನಮ್ಮ ತಾಯಂದಿರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆ ನಾಲ್ಕು ಅಂಕಿಗಳು ನೆನಪಿನಲ್ಲಿದ್ದಷ್ಟು ದಿನ ಕಾರ್ಡಿಗೆ ಕಾವಲು. ಕಾರ್ಡಿನ ಮೇಲೆ ಬಂದ ದಿನ ಕಳ್ಳನಿಗೆ ಆಹ್ವಾನ.

ಕಾನೂನಿನ ಈ ಎಲ್ಲ ಕಲಮುಗಳೂ ಕೊನೆಗೆ ಕೇಳುವುದು ಒಂದೇ ಪ್ರಶ್ನೆಯನ್ನು: ಈ ವಸ್ತು ನಿನ್ನ ಕೈಗೆ ಹೇಗೆ ಬಂದಿತು? ದುಡಿದು ತಂದ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಲ್ಲ. ಆದುದರಿಂದ ಪೊಲೀಸರು ಕೇಳುವ ಮೊದಲು ತಂದೆತಾಯಿಗಳು ಕೇಳಲಿ ಎಂಬುದು ನಮ್ಮ ಕಳಕಳಿಯ ಬಿನ್ನಹ. ಮಗನ ಕೈಯಲ್ಲಿ ಹೊಸ ಫೋನು ಕಂಡಾಗ ಅದರ ರಸೀದಿಯನ್ನು ಕೇಳಿ ನೋಡುವುದು ಅಪನಂಬಿಕೆಯಲ್ಲ. ಅವನ ಹೆಸರಿನಲ್ಲಿ ಎಷ್ಟು ಖಾತೆಗಳಿವೆ, ಅವುಗಳ ಕಾರ್ಡುಗಳು ಯಾರ ಬಳಿಯಿವೆ ಎಂದು ವಿಚಾರಿಸುವುದು ಹದ್ದುಮೀರಿದ ಮಾತೂ ಅಲ್ಲ. ಊಟದ ಹೊತ್ತಿನಲ್ಲಿ ಸಮಾಧಾನದಿಂದ ಕೇಳಿದ ಒಂದು ಮಾತು ಮುಂದೆ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಉತ್ತರಿಸುವ ಕಷ್ಟವನ್ನು ತಪ್ಪಿಸೀತು.